ಗಾಜಿನ ಕೋಣೆಯ ಪೆನ್ಸಿಲ್ ಸದ್ದು

ಬಾಗಿಲು ತಟ್ಟದೆ ಫೆನ್ನಾ ವೊಲ್ಬರ್ಸ್‌ಳ ಗಾಜಿನ ಕೋಣೆಗೆ ನುಗ್ಗುವ ಧೈರ್ಯ ಅದುವರೆಗೆ ಯಾರೂ ಮಾಡಿರಲಿಲ್ಲ. ರೂಲೊಫ್ ಆಸಿಂಕ್ ಮಾಡಿದ. ಅಂಗಿಯ ತೋಳು ಮೊಣಕೈವರೆಗೆ ಮಡಚಿತ್ತು. ಬೆರಳಿಗೆಲ್ಲ ಮಸಿ, ಮೂಗಿನ ತುದಿಯಲ್ಲೂ ಒಂದು ಚುಕ್ಕೆ ಮಸಿ.

"ಯುಫ್ರೌ ವೊಲ್ಬರ್ಸ್, ನಾನೇನು ನಿಮ್ಮನೆ ನಾಯಿನಾ? ಬೆಳಿಗ್ಗೆಯಿಂದ ನನ್ನ ಕಡೆ ನೋಡ್ಕೊಂಡು ಟಕ ಟಕ ಅಂತ ಪೆನ್ಸಿಲ್ ಕುಟ್ತಾ ಇದ್ದೀರಿ. ಏನ್ ಬೇಕು ಹೇಳಿ."

ಫೆನ್ನಾ ತಲೆ ಎತ್ತಿದಳು. ಕೋಪ ಬಂದವರು ಸಾಮಾನ್ಯವಾಗಿ ಚೆನ್ನಾಗಿ ಕಾಣುವುದಿಲ್ಲ. ಈತ ಕಾಣುತ್ತಿದ್ದ, ಅದು ಅವಳಿಗೆ ಹಿಡಿಸಲಿಲ್ಲ.

"ನಾನು ನಿಮ್ಮನ್ನ ನೋಡ್ತಿರಲಿಲ್ಲ. ಪದಗಳನ್ನ ನೋಡ್ತಿದ್ದೆ. ಅದರ ಹಿಂದೆ ನೀವು ಕೂತಿರ್ತೀರಿ, ಅಷ್ಟೆ," ಎಂದಳು.

ಜುಟ್ಫೆನ್ ಊರಿನ ಮಧ್ಯಾಹ್ನದ ಪತ್ರಿಕೆಯ ಪ್ರೆಸ್ ಅದು. ಕೆಳಗೆ ದೊಡ್ಡ ಹಾಲ್‌ನಲ್ಲಿ ಲೈನೋಟೈಪ್ ಯಂತ್ರಗಳು ಕಾದ ಸೀಸದ ವಾಸನೆ ಬಿಡುತ್ತ ಸಾಲು ಸಾಲಾಗಿ ಅಕ್ಷರ ಎರಕ ಹೊಯ್ಯುತ್ತಿದ್ದವು. ಹಾಲ್‌ನ ಒಂದು ಮೂಲೆಯಲ್ಲಿ, ಎರಡು ಮೆಟ್ಟಿಲು ಎತ್ತರದಲ್ಲಿ, ಕರಡು ತಿದ್ದುವವರ ಗಾಜಿನ ಕೋಣೆ. ರೂಲೊಫ್ ಹಾಲ್‌ನ ಅತಿ ವೇಗದ ಕೈ. ಅದು ಅವನಿಗೂ ಗೊತ್ತಿತ್ತು, ಅದೇ ತೊಂದರೆ.

ನಮ್ಮ ಡಚ್ ಮಾತಿನಲ್ಲಿ ಪದದ ಬೆನ್ನಿಗೆ ಪದ ಅಂಟಿಸುತ್ತ ಎಷ್ಟು ದೂರ ಬೇಕಾದರೂ ಹೋಗಬಹುದು. ಪತ್ರಿಕೆಯ ಅಂಕಣವೋ ಅಂಗೈಯಷ್ಟೂ ಅಗಲ ಇಲ್ಲ. ಹಾಗಾಗಿ ದಿನವಿಡೀ ಯಾವುದೋ ಉದ್ದದ ಪದ ಸಾಲಿನ ಅಂಚಿಗೆ ಬಂದು ನಿಲ್ಲುತ್ತದೆ, ಅದನ್ನು ಎಲ್ಲಿ ಮುರಿದು ಕೆಳಗಿಳಿಸಬೇಕು ಎನ್ನುವ ಪ್ರಶ್ನೆ ಏಳುತ್ತದೆ. ಫೆನ್ನಾ ಕಟುಕನ ಮಗಳು. ಅಂಗಡಿಯ ಹಿಂದೆ ಅಪ್ಪ ಕತ್ತಿ ಹಿಡಿದು ಕಲಿಸಿದ್ದನ್ನೇ ಅವಳು ಇಲ್ಲಿ ಪೆನ್ಸಿಲ್ ಹಿಡಿದು ಮಾಡುತ್ತಿದ್ದಳು: ಕೀಲಿನಲ್ಲಿ ಕತ್ತರಿಸಬೇಕು, ಮೂಳೆಯ ಮೇಲೆ ಅಲ್ಲ. ಕೀಲು ಎಲ್ಲಿದೆ ಎಂದು ತಿಳಿಯಲು ಪದವನ್ನು ಬಾಯೊಳಗೇ ಹೇಳಿಕೊಂಡು ಮೇಜಿನ ಮೇಲೆ ತಾಳ ಹಾಕುತ್ತಿದ್ದಳು. ಮೊದಲ ತುಂಡಿನ ಮೇಲೆ ಒತ್ತು ಬೀಳುವಲ್ಲಿ ಗಟ್ಟಿಯಾಗಿ ಒಂದು, ಆಮೇಲೆ ಒಂದೊಂದು ತುಂಡಿಗೂ ಮೆತ್ತಗೆ ಒಂದೊಂದು. ಆ ಸದ್ದನ್ನೇ ರೂಲೊಫ್ ತನ್ನನ್ನು ಕರೆಯುವ ಸದ್ದು ಎಂದುಕೊಂಡದ್ದು.

ಅವಳು ಅಂದಿನ ನದಿ ನೀರಿನ ವರದಿಯ ಕರಡನ್ನು ಅವನ ಕಡೆ ತಿರುಗಿಸಿದಳು. ವಾಟರ್‌ಸ್ಟಂಡ್ಸ್‌ಬೆರಿಕ್ಟ್ ಎಂಬ ಪದ. ನೀರು, ಮಟ್ಟ, ವರದಿ, ಮೂರೂ ಸೇರಿ ಒಂದು. ಅದನ್ನು ಅವನು ಬೆರಿಕ್ಟ್ ಎಂಬ ಕೊನೆಯ ತುಂಡಿನ ನಡು ಹೊಟ್ಟೆಯಲ್ಲಿ ಸೀಳಿ, ಅರ್ಧವನ್ನು ಮೇಲೆ ಬಿಟ್ಟು ಅರ್ಧವನ್ನು ಕೆಳಗಿಳಿಸಿದ್ದ.

"ಹಾಗೆ ಮುರಿದ್ರೆ ತಪ್ಪೇನಲ್ಲ. ನಿಯಮ ಒಪ್ಪುತ್ತೆ," ಎಂದ ಅವನು.

"ನಿಯಮ ಒಪ್ಪುತ್ತೆ. ಓದೋವನ ಕಣ್ಣು ಎಡವುತ್ತೆ." ಪೆನ್ಸಿಲ್ ತೆಗೆದು ಮೇಜಿನ ಮೇಲೆ ಕುಟ್ಟಿದಳು. ಟಕ್. ಟಿಕ್. ಟಿಕ್. "ಈ ಕೊನೇ ಟಿಕ್‌ಗೆ ಮುಂಚೆ ಮುರೀರಿ. ಇಷ್ಟು ವೇಗದ ಕೈಗೆ ಒಂದು ಸಾಲು ಮತ್ತೆ ಎರಕ ಹೊಯ್ಯೋದು ಕಷ್ಟವೇನಲ್ಲ ಅಲ್ವಾ?"

ಅವನು ಕರಡನ್ನು ಎತ್ತಿಕೊಂಡು ಹೋದ. ಹೋಗುವಾಗ ಬಾಗಿಲನ್ನು ಮಾತ್ರ ಮೆಲ್ಲಗೆ ಎಳೆದುಕೊಂಡ. ಫೆನ್ನಾ ಅದನ್ನು ಗಮನಿಸಿದಳು.

ಆ ಚಳಿಗಾಲದಲ್ಲಿ ಎರಡು ಸಂಗತಿ ಒಟ್ಟಿಗೆ ನಡೆದವು. ಫೆನ್ನಾಳ ಎದುರು ಕೂತು ಮೂಲ ಪ್ರತಿಯನ್ನು ಗಟ್ಟಿಯಾಗಿ ಓದುತ್ತಿದ್ದವನು ಗಂಟಲು ಕೆಟ್ಟು ಮನೆ ಹಿಡಿದ. ಅದೇ ವಾರ ರೂಲೊಫ್‌ನ ಯಂತ್ರ ಕಾದ ಸೀಸವನ್ನು ಚಿಮ್ಮಿಸಿ ಅವನ ಎಡ ಮಣಿಕಟ್ಟನ್ನು ಸುಟ್ಟಿತು. ಕೈ ವಾಸಿಯಾಗುವವರೆಗೆ ಬಾಯಿಯಿಂದ ಕೆಲಸ ಮಾಡಲಿ ಎಂದು ಹಿರಿಯ ತಿದ್ದುಗಾರ ಮೆನೇರ್ ಟೆಬ್ಬೆ ಅವನನ್ನು ಗಾಜಿನ ಕೋಣೆಗೆ ಕಳಿಸಿದರು.

ನಮ್ಮ ಪ್ರೆಸ್‌ಗಳಲ್ಲಿ ಅದು ಹಾಗೆಯೇ ನಡೆಯುತ್ತಿತ್ತು. ಒಬ್ಬರು ಮೂಲವನ್ನು ಗಟ್ಟಿಯಾಗಿ ಓದುತ್ತಾರೆ, ಇನ್ನೊಬ್ಬರು ಅಚ್ಚಾದ ಕರಡಿನ ಮೇಲೆ ಕಣ್ಣಿಟ್ಟು ತಿದ್ದುತ್ತಾರೆ. ದಿನವೆಲ್ಲ ಎದುರುಬದುರು ಕೂತು ಮಾತಾಡುವುದು, ಆದರೆ ಒಂದು ಮಾತೂ ತಮ್ಮದಲ್ಲ. ಹಂದಿ ಸಂತೆಯ ದರ, ದೋಣಿಗಳ ಬರುವಿಕೆ, ಯಾರದೋ ಸಾವು, ಯಾರದೋ ಮದುವೆ. ರೂಲೊಫ್ ಮೊದಮೊದಲು ಎಲ್ಲವನ್ನೂ ಒಂದೇ ಸಮನೆ ಗೊಣಗುತ್ತಿದ್ದ. ಫೆನ್ನಾ ತಡೆದಳು.

"ಒತ್ತು ಕೊಟ್ಟು ಓದಿ. ಎಲ್ಲಾ ತುಂಡನ್ನೂ ಒಂದೇ ತೂಕದಲ್ಲಿ ಹೇಳಿದ್ರೆ ನನಗೆ ಕೀಲು ಕೇಳಿಸೋಲ್ಲ."

"ಬೂರೆನ್‌ಕೋಲ್‌ಸ್ಟಾಂಪಾಟ್," ಎಂದ ಅವನು, ಅಡುಗೆ ಅಂಕಣ ನೋಡಿಕೊಂಡು. ಸೊಪ್ಪು, ಆಲೂಗಡ್ಡೆ ಮಸೆದು ಮಾಡುವ ನಮ್ಮ ಚಳಿಗಾಲದ ಊಟ ಅದು. ಮೊದಲ ತುಂಡಿನ ಮೇಲೆ ಎಷ್ಟು ಜೋರಾಗಿ ಒತ್ತಿದನೆಂದರೆ ಹಾಲ್‌ನಲ್ಲಿದ್ದ ಮುದುಕ ಬಾರೆಂಟ್ ಗಾಜಿನ ಆಚೆಯಿಂದ ತಿರುಗಿ ನೋಡಿದ. "ಈಗ ಕೇಳಿಸ್ತಾ? ನನಗಂತೂ ಹಸಿವೇ ಆಯ್ತು."

ಫೆನ್ನಾ ನಗಬಾರದು ಎಂದುಕೊಂಡಳು. ನಕ್ಕಳು. ನಗುವಾಗ ಅವನು ಅವಳ ಬಾಯಿಯನ್ನಲ್ಲ, ಪೆನ್ಸಿಲ್ ಹಿಡಿದ ಬೆರಳುಗಳನ್ನು ನೋಡುತ್ತಿದ್ದ. ಮುಖ ನೋಡಿದ್ದರೆ ಅವಳಿಗೆ ಅಷ್ಟು ಬಿಸಿಯಾಗುತ್ತಿರಲಿಲ್ಲವೇನೋ.

ದಿನ ಕಳೆದಂತೆ ಅವನ ಓದು ಬದಲಾಯಿತು. ಸಾವಿನ ಸುದ್ದಿ ಓದುವಾಗ ದನಿ ತಗ್ಗಿಸುತ್ತಿದ್ದ. ಮದುವೆಯ ಪ್ರಕಟಣೆ ಬಂದರೆ ನಿಧಾನ ಮಾಡುತ್ತಿದ್ದ, ಹೆಸರು ಹೆಸರಿನ ನಡುವೆ ಉಸಿರು ತೆಗೆದುಕೊಂಡು ಅವಳ ಕಡೆ ಒಮ್ಮೆ ಕಣ್ಣೆತ್ತುತ್ತಿದ್ದ. ಅವಳು ಕರಡಿನಿಂದ ಕಣ್ಣು ತೆಗೆಯದೆ ಮುಂದೆ ಎನ್ನುತ್ತಿದ್ದಳು. ಕಾಫಿಯ ಜೊತೆ ಕೊಡುವ ಒಂದೇ ಬಿಸ್ಕತ್ತನ್ನು ಅವನು ಅವಳ ತಟ್ಟೆಗೆ ಸರಿಸಿ ತನಗೆ ಸಿಹಿ ಸೇರುವುದಿಲ್ಲ ಎಂದ. ಅದು ಹಸಿ ಸುಳ್ಳೆಂದು ಅವಳಿಗೆ ಆಮೇಲೆ ಬಾರೆಂಟ್‌ನಿಂದ ಗೊತ್ತಾಯಿತು.

ಕೈ ವಾಸಿಯಾಗಿ ಅವನು ಯಂತ್ರಕ್ಕೆ ಮರಳಿದ ದಿನ ಗಾಜಿನ ಕೋಣೆ ದೊಡ್ಡದಾದಂತೆ ಕಂಡಿತು. ಹಳೆಯ ಓದುಗ ಬಂದು ಕೂತು, ಗೊಣಗಲು ತೊಡಗಿದ. ಫೆನ್ನಾ ಒಂದು ಉದ್ದದ ಪದಕ್ಕೆ ಅಭ್ಯಾಸಬಲದಿಂದ ಪೆನ್ಸಿಲ್ ಕುಟ್ಟಿದಳು. ಟಕ್, ಟಿಕ್, ಟಿಕ್. ಕೆಳಗೆ ಯಂತ್ರಗಳ ಗದ್ದಲದ ನಡುವೆ ಯಾರೋ ಕಬ್ಬಿಣದ ಪಟ್ಟಿಯ ಮೇಲೆ ಅದೇ ತಾಳವನ್ನು ಉತ್ತರವಾಗಿ ಹೊಡೆದರು. ಅವಳು ನೋಡಿದಾಗ ರೂಲೊಫ್ ಬಹಳ ಗಂಭೀರವಾಗಿ ಯಂತ್ರದ ಕಡೆ ಮುಖ ಮಾಡಿ ಕೂತಿದ್ದ. ಕಿವಿ ಮಾತ್ರ ಕೆಂಪಾಗಿತ್ತು.

ಈಸ್ಟರ್ ಹೊತ್ತಿಗೆ ಮೆನೇರ್ ಟೆಬ್ಬೆ ನಿವೃತ್ತರಾದರು. ಈ ಪ್ರೆಸ್‌ನಲ್ಲಿ ಯಾರೇ ಕೆಲಸ ಬಿಡುವಾಗ ಪುಟ ಕಟ್ಟುವ ಕಲ್ಲುಮೇಜುಗಳ ಸುತ್ತ ಎಲ್ಲರೂ ಮರದ ಕೊಡತಿ ಹಿಡಿದು ನಿಲ್ಲುತ್ತಾರೆ. ಹೋಗುವವರ ಕೆಲಸಕ್ಕೆ ಯಾರು ಹತ್ತಿರವೋ ಅವರು ಮೇಜಿಗೆ ಮೊದಲ ಪೆಟ್ಟು ಹೊಡೆಯುತ್ತಾರೆ, ಆಮೇಲೆ ಎಲ್ಲರೂ ಸೇರಿ ಕಿವಿ ಕಿತ್ತುಹೋಗುವ ಹಾಗೆ ಬಡಿಯುತ್ತಾರೆ. ಆ ಬಡಿತದ ನಡುವೆ ನಡೆದು ಬಾಗಿಲು ದಾಟಿದರೆ ಮಾತ್ರ ಹೋದ ಲೆಕ್ಕ. ಬಾರೆಂಟ್‌ನ ಕಾಲದಲ್ಲಿ ಒಬ್ಬ ಜಗಳ ಆಡಿ ಬಡಿತ ಇಲ್ಲದೆಯೇ ಹೊರಟುಹೋಗಿದ್ದನಂತೆ. ಎರಡನೇ ಮಹಾಯುದ್ಧವೆಲ್ಲ ಮುಗಿದ ಮೇಲೆ ಒಂದು ಬೆಳಿಗ್ಗೆ ಬಂದು ತನ್ನ ಜಾಗದಲ್ಲಿ ನಿಂತ. ಯಾರೂ ಏನೂ ಕೇಳಲಿಲ್ಲ. ಕಾಫಿಗೆ ಹೋಗಿದ್ದ ಎಂದುಕೊಂಡರು.

ಟೆಬ್ಬೆಯವರ ಬೀಳ್ಕೊಡುಗೆಗೆ ಮೊದಲ ಪೆಟ್ಟು ಹೊಡೆದವಳು ಫೆನ್ನಾ. ಹೆಂಗಸಿನ ಕೈಯಲ್ಲಿ ಕೊಡತಿ ಹಾಲ್ ಕಂಡದ್ದು ಅದೇ ಮೊದಲು. ಟೆಬ್ಬೆ ಕಣ್ಣೊರೆಸಿಕೊಂಡು ಹೋಗುವಾಗ ಅವಳ ಭುಜ ತಟ್ಟಿ, ಹಿರಿಯ ತಿದ್ದುಗಾರರ ಕುರ್ಚಿ ಇನ್ನು ನಿನ್ನದು, ಬಿಟ್ಟುಕೊಡಬೇಡ ಎಂದರು. ಪ್ರೆಸ್‌ನ ನಿರ್ದೇಶಕ ಮೆನೇರ್ ಫಾನ್ ಡೋರ್ನಿಕ್ ಕೂಡ ಅದಕ್ಕೆ ಒಪ್ಪಿಗೆ ಕೊಟ್ಟಿದ್ದರು. ಅಂದು ಸಂಜೆ ಅವಳು ಆ ಕುರ್ಚಿಯಲ್ಲಿ ಸುಮ್ಮನೆ ಕೂತಳು. ತೋಳಿನ ಮರ ಸವೆದು ನುಣುಪಾಗಿತ್ತು. ಇನ್ನು ಮುಂದೆ ಈ ಊರು ಓದುವ ಪ್ರತಿ ಪದವೂ ತನ್ನ ಪೆನ್ಸಿಲ್ ದಾಟಿ ಹೋಗಬೇಕು ಎಂದು ನೆನೆದು ಅವಳ ಎದೆ ಉಬ್ಬಿತು.

ಅವಳ ಅಮ್ಮನ ಹುಟ್ಟುಹಬ್ಬ ಆ ವಾರದ ಭಾನುವಾರ. ಕುರ್ಚಿಗಳನ್ನು ವೃತ್ತವಾಗಿ ಹಾಕಿ, ನೆಂಟರೆಲ್ಲ ಕೇಕಿನ ತಟ್ಟೆ ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಬಂದವರು ಹುಟ್ಟುಹಬ್ಬದವರಿಗೆ ಮಾತ್ರವಲ್ಲ, ವೃತ್ತದಲ್ಲಿರುವ ಒಬ್ಬೊಬ್ಬರಿಗೂ ಕೈ ಕುಲುಕಿ ಅಭಿನಂದಿಸಬೇಕು. ನಿಮ್ಮ ಅಕ್ಕನ ಹುಟ್ಟುಹಬ್ಬಕ್ಕೆ ಅಭಿನಂದನೆ, ನಿಮ್ಮ ನೆರೆಯವಳ ಹುಟ್ಟುಹಬ್ಬಕ್ಕೆ ಅಭಿನಂದನೆ, ಹೀಗೆ. ಫೆನ್ನಾ ಕರೆಯದೇ ಇದ್ದರೂ ರೂಲೊಫ್ ಟುಲಿಪ್ ಹೂ ಹಿಡಿದು ಬಂದಿದ್ದ. ಆಮೇಲೆ ಬಂದ ಸೋದರತ್ತೆ ಆಲೈದಾ ಎಲ್ಲರ ಕೈ ಕುಲುಕುತ್ತ ಅವನ ಮುಂದೆ ಬಂದು ನಿಂತಳು. ಇವನಿಗೆ ಯಾವ ಸಂಬಂಧ ಹೇಳುವುದು ಎಂದು ಮೇಲಿಂದ ಕೆಳಗೆ ನೋಡಿದಳು.

"ನಿಮ್ಮ ಅತ್ತೆಯವರ ಹುಟ್ಟುಹಬ್ಬಕ್ಕೆ ಅಭಿನಂದನೆಗಳಪ್ಪಾ," ಎಂದಳು.

"ಥ್ಯಾಂಕ್ಸ್," ಎಂದ ರೂಲೊಫ್, ಕಣ್ಣು ಮಿಟುಕಿಸದೆ.

ಫೆನ್ನಾಳ ಕಾಫಿ ತಟ್ಟೆಗೆ ಚೆಲ್ಲಿತು. ವೃತ್ತವೆಲ್ಲ ಕೇಕ್ ತಿನ್ನುವುದನ್ನು ನಿಲ್ಲಿಸಿ ಅವಳನ್ನೇ ನೋಡಿತು.

ಅಲ್ಲಿಂದ ಇಬ್ಬರೂ ಐಸೆಲ್ ನದಿಯ ದಂಡೆಗೆ ಬಂದರು. ಸೈಕಲ್‌ಗಳನ್ನು ತಳ್ಳಿಕೊಂಡು ನಡೆದರು. ಗಾಳಿಗೆ ಅವಳ ತಲೆವಸ್ತ್ರ ಜಾರಿತು, ಅವನು ಅದನ್ನು ಸರಿಮಾಡಿ ಕೈ ತೆಗೆಯದೆ ಹಾಗೇ ನಿಂತ.

"ನಾನು ಓದಿದ ಮದುವೆ ಸುದ್ದಿಗೆಲ್ಲ ಮುಂದೆ ಮುಂದೆ ಅಂದುಬಿಟ್ರಿ," ಎಂದ. "ನಮ್ಮದನ್ನ ಓದಿದ್ರೂ ಹಾಗೇ ಅಂತೀರಾ? ಫೆನ್ನಾ, ನನಗೆ ನೀನು ಬೇಕು."

ಅದುವರೆಗಿನ ನೀವು ಅಲ್ಲಿ ನೀನು ಆಗಿತ್ತು. ಅವಳಿಗೆ ಅದು ಮುತ್ತಿಗಿಂತ ಹತ್ತಿರ ಬಂದಂತೆ ಅನಿಸಿತು.

"ನನಗೂ ನೀನು ಬೇಕು," ಎಂದಳು. "ಆದರೆ ಕುರ್ಚಿನೂ ಬೇಕು. ಎರಡೂ ಬೇಕು."

ಪ್ರೆಸ್‌ನಲ್ಲಿ ಮದುವೆಯಾದ ಹೆಂಗಸು ಕೆಲಸ ಮಾಡುವ ಪದ್ಧತಿ ಇರಲಿಲ್ಲ. ಯುಫ್ರೌ, ಅಂದರೆ ಕುಮಾರಿ, ಆಗಿದ್ದವಳು ಮೆಫ್ರೌ, ಅಂದರೆ ಶ್ರೀಮತಿ, ಆದ ಕೂಡಲೇ ಹೂಗುಚ್ಛ, ಗೋಡೆ ಗಡಿಯಾರ ಕೊಟ್ಟು ಕಳಿಸುತ್ತಿದ್ದರು. ಸರಕಾರಿ ಕಚೇರಿಗಳಲ್ಲಿ ಆ ನಿಯಮ ಹೋಗಿ ಕೆಲವು ವರ್ಷಗಳೇ ಆಗಿದ್ದವು. ಆ ಸುದ್ದಿಯನ್ನು ಇದೇ ಪ್ರೆಸ್ ಅಚ್ಚು ಹಾಕಿತ್ತು, ಓದಿರಲಿಲ್ಲ, ಅಷ್ಟೆ.

ರೂಲೊಫ್ ನೀರನ್ನು ನೋಡುತ್ತ ನಿಂತ. ಆಮೇಲೆ, ಅವನ ಒಳಗಿನ ಯಾವನೋ ಹಳೇ ಕಾಲದ ಗಂಡಸು ಬಾಯಿ ತೆರೆದ. ಹೆಂಡತಿಯನ್ನ ಸಾಕೋಕೆ ಆಗದವನು ಅಂತ ಹಾಲ್ ನಗುತ್ತೆ, ಬಾರೆಂಟ್ ದಿನಾ ಚುಚ್ಚುತ್ತಾನೆ, ನನ್ನ ಸಂಬಳ ಸಾಲದಾ ನಿನಗೆ ಎಂದ.

ಫೆನ್ನಾ ತಲೆವಸ್ತ್ರವನ್ನು ತಾನೇ ಬಿಗಿಯಾಗಿ ಕಟ್ಟಿಕೊಂಡಳು.

"ನಿಮ್ಮ ಕೈ ಬಗ್ಗೆ ನಿಮಗೆಷ್ಟು ಜಂಬ ಇದೆಯೋ ನನ್ನ ಕಿವಿ ಬಗ್ಗೆ ನನಗೆ ಅಷ್ಟೇ ಇದೆ, ಮೆನೇರ್ ಆಸಿಂಕ್. ನೀವು ಯೋಚನೆ ಮಾಡಿ ಹೇಳಿ."

ನೀವು ಎಂಬ ಮಾತು ಅವನಿಗೆ ಕಪಾಳಕ್ಕೆ ಬಿದ್ದ ಹಾಗೆ ಬಿದ್ದಿತು. ಅವಳಿಗೂ ನೋವಾಯಿತು. ಆದರೂ ಸೈಕಲ್ ಏರಿ ತಿರುಗಿ ನೋಡದೆ ಹೋದಳು.

ಮರುವಾರ ಪ್ರಕಟಣೆಗಳ ಕರಡು ಬಂದಾಗ ಓದುಗ ಗೊಣಗುತ್ತಿದ್ದವನು ಒಮ್ಮೆಲೆ ನಿಲ್ಲಿಸಿ ಅವಳ ಮುಖ ನೋಡಿದ. ಫೆನ್ನಾ ವೊಲ್ಬರ್ಸ್ ಮತ್ತು ರೂಲೊಫ್ ಆಸಿಂಕ್, ಮೇ ತಿಂಗಳ ಕೊನೆಯ ಶನಿವಾರ, ಪುರಭವನದಲ್ಲಿ. ರೂಲೊಫ್ ತಾನೇ ಎರಕ ಹೊಯ್ದಿದ್ದ, ಒಂದು ಪದವನ್ನೂ ಎಲ್ಲೂ ಮುರಿದಿರಲಿಲ್ಲ. ಅವಳು ಗಾಜಿನಿಂದ ಕೆಳಗೆ ನೋಡಿದಳು. ಅವನು ಯಂತ್ರ ನಿಲ್ಲಿಸಿ, ಟೋಪಿ ಕೈಯಲ್ಲಿ ಹಿಡಿದು ಅವಳನ್ನೇ ನೋಡುತ್ತಿದ್ದ.

ಅದು ಅರ್ಧ ಉತ್ತರ. ಕುರ್ಚಿಯ ಮಾತು ಅದರಲ್ಲಿ ಇರಲಿಲ್ಲ. ಹೋಗಿ ಕೇಳಬಹುದಿತ್ತು, ಕೇಳಲು ಅವಳ ಸ್ವಾಭಿಮಾನ ಬಿಡಲಿಲ್ಲ. ಅವನನ್ನು ಬಿಟ್ಟುಬಿಡಲು ಪ್ರೀತಿ ಬಿಡಲಿಲ್ಲ. ಸರಿ ಇದೆ ಎಂದು ಅಂಚಿನಲ್ಲಿ ಗುರುತು ಹಾಕಿ ಕೆಳಗೆ ಕಳಿಸಿದಳು. ಉಳಿದರ್ಧ ಅವನೇ ಹೇಳಬೇಕು ಎಂದುಕೊಂಡಳು. ವಾರಗಳು ಕಳೆದವು. ಅವನು ದಿನಾ ಮನೆವರೆಗೆ ಬಂದು ಬಿಟ್ಟು ಹೋಗುತ್ತಿದ್ದ. ಬಾಡಿಗೆ ಮನೆ, ಪರದೆಯ ಬಣ್ಣ ಎಲ್ಲ ಮಾತಾಡುತ್ತಿದ್ದರು. ಅವಳು ಅವನನ್ನು ನೀವು ಎಂದೇ ಕರೆಯುತ್ತಿದ್ದಳು, ಅವನು ಅದನ್ನು ತಲೆ ತಗ್ಗಿಸಿ ಕೇಳಿಸಿಕೊಳ್ಳುತ್ತಿದ್ದ.

ಪ್ರಕಟಣೆಯನ್ನು ಮೆನೇರ್ ಫಾನ್ ಡೋರ್ನಿಕ್ ಕೂಡ ಓದಿದ್ದರು. ಕರೆಸಿ, ಕೈ ಕುಲುಕಿ, ಶುಭ ಹಾರೈಸಿ, ಮದುವೆಯ ಹಿಂದಿನ ಶುಕ್ರವಾರ ಬೀಳ್ಕೊಡುಗೆ ಎಂದರು. ಫೆನ್ನಾ ತಾನು ಹೋಗುವುದಿಲ್ಲ ಎಂದಳು. ಅವರು ಕೆಟ್ಟವರಲ್ಲ. ಹಟ ಮಾಡುವ ಮಗುವನ್ನು ನೋಡುವಂತೆ ನಕ್ಕು, ಗಡಿಯಾರ ಆಗಲೇ ಕೊಂಡಾಗಿದೆ ಎಂದರು.

ಶುಕ್ರವಾರ ಮಧ್ಯಾಹ್ನ ಯಂತ್ರಗಳು ನಿಂತವು. ಕಲ್ಲುಮೇಜುಗಳ ಸುತ್ತ ಎಲ್ಲರೂ ಕೊಡತಿ ಹಿಡಿದು ನಿಂತರು. ಕೊನೆಯ ಪುಟ ಇನ್ನೂ ಮೇಜಿನ ಮೇಲೆಯೇ ಇತ್ತು, ಅವಳ ಒಪ್ಪಿಗೆ ಬೀಳದೆ ಅಚ್ಚಿಗೆ ಹೋಗುವಂತಿರಲಿಲ್ಲ. ನಿರ್ದೇಶಕರು ಹೂ ಕೊಟ್ಟರು, ಗಡಿಯಾರ ಕೊಟ್ಟರು, ಇಂಥ ಕಿವಿ ಈ ಮನೆಗೆ ಇನ್ನು ಸಿಗುವುದಿಲ್ಲ ಎಂದು ಮನಸ್ಸಿನಿಂದಲೇ ಹೇಳಿದರು. ಸಿಗುವುದಿಲ್ಲ ಎಂದು ಗೊತ್ತಿದ್ದೂ ಕಳಿಸುತ್ತಾರಲ್ಲ ಎಂದುಕೊಂಡಳು ಫೆನ್ನಾ. ಅಳಬಾರದು ಎಂದು ಗಡಿಯಾರವನ್ನು ಎದೆಗೆ ಒತ್ತಿ ಹಿಡಿದಳು.

"ಆಸಿಂಕ್, ಇವರ ಕೆಲಸಕ್ಕೆ ನಿಮಗಿಂತ ಹತ್ತಿರದವರು ಯಾರಿದ್ದಾರೆ," ಎಂದರು ನಿರ್ದೇಶಕರು. "ಶುರು ಮಾಡಿ."

ಕೆಲವರು ನಕ್ಕರು. ರೂಲೊಫ್ ಕೊಡತಿ ಎತ್ತಿದ. ಅವನ ಮಣಿಕಟ್ಟಿನ ಸುಟ್ಟ ಕಲೆ ಅವಳಿಗೆ ಅಷ್ಟು ದೂರದಿಂದ ಕಂಡಿತು. ಇವನು ಈಗ ಹೊಡೆದರೆ ನಾಳೆ ನಾನು ಪುರಭವನಕ್ಕೆ ಹೋಗುತ್ತೇನಾ ಎಂದು ಅವಳು ತನ್ನನ್ನೇ ಕೇಳಿಕೊಂಡಳು.

ಅವನು ಅವಳನ್ನು ನೋಡಿದ. ಗಾಜಿನ ಕೋಣೆಯಲ್ಲಿ ಮದುವೆ ಸುದ್ದಿ ಓದುವಾಗ ಕಣ್ಣೆತ್ತಿ ನೋಡುತ್ತಿದ್ದನಲ್ಲ, ಹಾಗೇ. ಆಮೇಲೆ ಕೊಡತಿಯನ್ನು ಕಲ್ಲಿನ ಮೇಲೆ ಸದ್ದಾಗದಂತೆ ಮಲಗಿಸಿದ.

"ಕೈ ನೋಯ್ತಿದೆ ಮೆನೇರ್," ಎಂದ. "ಸುಟ್ಟ ಕೈ."

"ಅದು ವಾಸಿಯಾಗಿ ತಿಂಗಳುಗಳಾದ್ವಲ್ಲ?"

"ಹೌದು. ಆದ್ರೂ ಇದನ್ನ ಹೊಡಿಯೋಕೆ ಆಗ್ತಿಲ್ಲ. ಇವಳು ನನ್ನ ಹೆಂಡ್ತಿ ಆಗ್ತಾಳೆ ಅಂತ ನನಗೆ ಹೆಮ್ಮೆ. ಈ ಪ್ರೆಸ್‌ನ ಕುರ್ಚಿಯಲ್ಲಿ ಕೂತಿದ್ದಾಳೆ ಅಂತ ಅದಕ್ಕಿಂತ ಹೆಮ್ಮೆ. ನಗೋರು ನಗಲಿ."

ಯಾರೂ ನಗಲಿಲ್ಲ. ಬಾರೆಂಟ್ ತನ್ನ ಕೊಡತಿಯನ್ನು ತಿರುಗಿಸಿ ಮುರುಗಿಸಿ ನೋಡಿದ. "ನನಗೂ ಕೈ ಹಿಡ್ಕೊಂಡಿದೆ. ವಯಸ್ಸಾಯ್ತು ನೋಡಿ," ಎಂದು ಅದನ್ನು ರೂಲೊಫ್‌ನದರ ಪಕ್ಕ ಮಲಗಿಸಿದ. ಅವನ ಪಕ್ಕದವನು ಮಲಗಿಸಿದ. ಹಾಲ್‌ನ ಉದ್ದಕ್ಕೂ ಕೊಡತಿಗಳು ಒಂದೊಂದಾಗಿ ಕೆಳಗಿಳಿದವು. ಅಷ್ಟು ಜನ ಇದ್ದೂ ಅಷ್ಟು ನಿಶ್ಶಬ್ದವಾಗಿ ಆ ಹಾಲ್ ಎಂದೂ ಇದ್ದಿರಲಿಲ್ಲ.

ಫೆನ್ನಾ ಗಡಿಯಾರವನ್ನು ನಿರ್ದೇಶಕರ ಕೈಗೆ ಮರಳಿ ಕೊಟ್ಟಳು. ಹೂವನ್ನು ಮಾತ್ರ ಇಟ್ಟುಕೊಂಡಳು.

"ಬಡಿತ ಆಗಿಲ್ಲ ಮೆನೇರ್. ಈ ಮನೆ ಪದ್ಧತಿ ಪ್ರಕಾರ ನಾನು ಹೋಗಿಲ್ಲ. ಕೊನೇ ಪುಟ ಕಾಯ್ತಾ ಇದೆ, ಅಪ್ಪಣೆ ಕೊಟ್ರೆ ನೋಡ್ತೀನಿ."

ಅವರು ಹಾಲ್ ನೋಡಿದರು, ಕಾಯುತ್ತಿದ್ದ ಪುಟ ನೋಡಿದರು. ಪದ್ಧತಿ ಎಂದು ತಾವೇ ಪಟ್ಟು ಹಿಡಿದವರು, ಈಗ ಪದ್ಧತಿಯನ್ನು ಹೇಗೆ ಬೈಯುವುದು ಎಂದು ಅವರಿಗೆ ಹೊಳೆಯಲಿಲ್ಲ.

"ಸೋಮವಾರ ಮಾತಾಡೋಣ, ಯುಫ್ರೌ ವೊಲ್ಬರ್ಸ್," ಎಂದರು ಕೊನೆಗೆ.

"ಸೋಮವಾರ ಇಲ್ಲಿ ಮೆಫ್ರೌ ಆಸಿಂಕ್ ಇರ್ತಾಳೆ. ಅವಳ ಹತ್ರ ಮಾತಾಡಿ. ಇದೇ ಕುರ್ಚೀಲಿ ಸಿಗ್ತಾಳೆ."

ಅವರ ತುಟಿಯ ಅಂಚು ಸ್ವಲ್ಪ ಅಲುಗಿತು. ಗಡಿಯಾರವನ್ನು ಕಂಕುಳಲ್ಲಿಟ್ಟುಕೊಂಡು ಮೇಲೆ ಹೋದರು. ಸೋಮವಾರ ಅದು ಗಾಜಿನ ಕೋಣೆಯ ಗೋಡೆಯ ಮೇಲೆ, ಹಿರಿಯ ತಿದ್ದುಗಾರರ ಕುರ್ಚಿಯ ಎದುರಿಗೆ ನೇತಾಡುತ್ತಿತ್ತು.

ಅದು ಆಮೇಲಿನ ಮಾತು. ಈಗ ಯಂತ್ರಗಳು ಮತ್ತೆ ಗುಡುಗಿದವು. ಫೆನ್ನಾ ಮೆಟ್ಟಿಲು ಹತ್ತಿ ಕುರ್ಚಿಯಲ್ಲಿ ಕೂತು ಕೊನೆಯ ಪುಟದ ಕರಡನ್ನು ಹತ್ತಿರಕ್ಕೆ ಎಳೆದುಕೊಂಡಳು. ಅಕ್ಷರಗಳು ಸ್ವಲ್ಪ ಮಸುಕಾಗಿ ಕಂಡವು, ಕಣ್ಣೊರೆಸಿಕೊಂಡಳು. ಅಂಕಣದ ಕೆಳಗೆ ನದಿ ನೀರಿನ ವರದಿ. ಪದವನ್ನು ಯಾರೋ ಮತ್ತೆ ಹೊಟ್ಟೆಯ ಮಧ್ಯದಲ್ಲೇ ಸೀಳಿದ್ದರು. ಯಾರೆಂದು ಊಹಿಸಲು ಕಷ್ಟವೇನೂ ಇರಲಿಲ್ಲ, ಬೇಕೆಂದೇ ಮಾಡಿದ್ದೆಂದೂ ಗೊತ್ತಾಗುತ್ತಿತ್ತು.

ಅವಳು ಪೆನ್ಸಿಲ್ ಎತ್ತಿಕೊಂಡಳು. ಟಕ್. ಟಿಕ್. ಟಿಕ್.

ಬಾಗಿಲು ತಟ್ಟದೆ ರೂಲೊಫ್ ಒಳಗೆ ಬಂದ. ತೋಳು ಮಡಚಿತ್ತು, ಮೂಗಿನ ಮೇಲೆ ಮಸಿ.

"ಬೆಳಿಗ್ಗೆಯಿಂದ ಕುಟ್ತಾ ಇದ್ದೀರಿ," ಎಂದ. "ಏನ್ ಬೇಕು ಹೇಳಿ."

ಫೆನ್ನಾ ಬೆರಳ ತುದಿಯಿಂದ ಅವನ ಮೂಗಿನ ಮಸಿ ಒರೆಸಿ ಕರಡನ್ನು ಅವನ ಕೈಗಿಟ್ಟಳು.

"ಮೊದಲು ಈ ಸಾಲು ಸರಿಯಾಗ್ಬೇಕು," ಎಂದಳು. "ಆಮೇಲೆ ನೀನು."

ರೂಲೊಫ್ ಕರಡನ್ನು ಎರಡೂ ಕೈಯಲ್ಲಿ ಹಿಡಿದು ಮೆಟ್ಟಿಲಿಳಿದು ಹೋದ, ಯಂತ್ರದ ಮುಂದೆ ಕೂತು ಆ ಒಂದು ಸಾಲನ್ನು ಮತ್ತೆ ಎರಕ ಹೊಯ್ದ.